ಪಿಕಪ್ಪು ಮಾರುವುದಿದೆ

ಗಾಡಿ ಮಾರುವವನು ಬಾಯಿ ಬಿಡಬಾರದು ಎಂಬುದು ನಮ್ಮ ಮೂಡಿಗೆರೆಯ ಮೆಕ್ಯಾನಿಕ್ಕನ ಸಿದ್ಧಾಂತ. “ನೀವು ತೋಟದ ಕಡೆ ಹೋಗಿಬನ್ನಿ ಗೌಡ್ರೇ, ಮಾತು ನಾನಾಡ್ತೀನಿ” ಅಂತ ಎರಡು ಸಲ ಹೇಳಿದ. ಎರಡು ಸಲವೂ ನಾನು ಹೋಗಲಿಲ್ಲ. ಆ ಇಬ್ಬರು ಗಿರಾಕಿಗಳೂ ಮತ್ತೆ ಬರಲಿಲ್ಲ.

ಮಾರಬೇಕಾಗಿರುವುದು ಅಪ್ಪ 1993ರಲ್ಲಿ ತಂದ ಮಹೀಂದ್ರ ಪಿಕಪ್ಪು. ಮುಂದಿನಿಂದ ನೋಡಿದರೆ ಜೀಪು, ಹಿಂದಿನಿಂದ ನೋಡಿದರೆ ಎತ್ತಿನಗಾಡಿ. ಬ್ಯಾಟರಿ ಸತ್ತಿದೆ. ಬ್ರೇಕನ್ನು ಮೂರು ಸಲ ಒತ್ತಿ ನೆನಪಿಸಬೇಕು. ಹಿಂದಿನ ತೊಟ್ಟಿಯ ತಳದಲ್ಲಿ ತುಕ್ಕು ತಿಂದ ತೂತಿನಿಂದ ರಸ್ತೆ ಕಾಣುತ್ತದೆ. ಎಡಬಾಗಿಲನ್ನು ಒಳಗಿನಿಂದ ತೆಗೆಯಲಾಗದು. ಫೋರ್‌ವೀಲ್ ಲಿವರು ಹಾಕಿದರೆ ಬೀಳುತ್ತದೆ, ತೆಗೆದರೆ ಬರುವುದಿಲ್ಲ. ಇಷ್ಟು ವರ್ಷ ದುಡಿಸಿಕೊಂಡವರು ನಾವು, ದೋಷವೆಲ್ಲ ನಮ್ಮ ಸಂಪಾದನೆ.

ಆ ಲಿವರಿನ ಕಥೆ ಸ್ವಲ್ಪ ಹೇಳಬೇಕು. ಮಾಮೂಲಿ ಪಿಕಪ್ಪನ್ನು ಹಿಂದಿನ ಗಾಲಿಗಳೇ ದೂಡುವುದು. ಆಶ್ಲೇಷಾ ಮಳೆಯಲ್ಲಿ ಅವು ಗಿರ್ರನೆ ತಿರುಗತೊಡಗಿದರೆ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಗ ಲಿವರು ಎಳೆದರೆ ಗೇರ್‌ಬಾಕ್ಸಿಗೆ ಅಂಟಿಕೊಂಡ ಟ್ರಾನ್ಸ್‌ಫರ್ ಕೇಸು ಮುಂದಿನ ಗಾಲಿಗಳಿಗೂ ಕೆಲಸ ಹಚ್ಚುತ್ತದೆ. ಟಾರು ರಸ್ತೆಗೆ ಬಂದೊಡನೆ ಮಾತ್ರ ತೆಗೆದುಬಿಡಬೇಕು. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಕೆಸರಲ್ಲಾದರೆ ಒಂದಿಷ್ಟು ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಹಿಂದು ಮುಂದಕ್ಕೆ ಜಗಳ ಹತ್ತಿ, ಟೈರು ಕಿರುಚಿ, ಸ್ಟೀರಿಂಗು ಮೊಂಡು ಹಿಡಿಯುತ್ತದೆ. ಅಪ್ಪ ಕೊನೆಕೊನೆಗೆ ಮರೆತು ಫೋರ್‌ವೀಲಿನಲ್ಲೇ ಕೊಟ್ಟಿಗೆಹಾರದ ತನಕ ಹೋಗಿಬರುತ್ತಿದ್ದರು. ಕೇಳಿದರೆ, “ಗಾಡಿ ಗಟ್ಟಿ ನಿಂತಿತ್ತು ಕಣೋ” ಅನ್ನುತ್ತಿದ್ದರು.

ಮೊದಲ ಗಿರಾಕಿ ಬೆಂಗಳೂರಿನ ಹುಡುಗ. ಹತ್ತಿ ಕೂತವನೇ, “ಇದು ಒರಿಜಿನಲ್ ವಿಲ್ಲೀಸಾ ಅಂಕಲ್?” ಅಂದ. ಅಲ್ಲ ಅಂದಿದ್ದರೆ ಸಾಕಿತ್ತು. ನಾನು 1940ರಿಂದ ಶುರು ಮಾಡಿದೆ. ಅಮೆರಿಕದ ಸೈನ್ಯ ಹಗುರ ಗಾಡಿ ಬೇಕೆಂದಾಗ ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನದಲ್ಲಿ ಮೊದಲನೆಯದನ್ನು ಕಟ್ಟಿ ಕೊಟ್ಟದ್ದು, ದೊಡ್ಡ ಆರ್ಡರು ಮಾತ್ರ ವಿಲ್ಲೀಸ್ ಮತ್ತು ಫೋರ್ಡಿನ ಪಾಲಾದದ್ದು. ಇತ್ತ ನಮ್ಮ ದೇಶದಲ್ಲಿ 1945ರಲ್ಲಿ ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್. ದೇಶ ಒಡೆದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದದ್ದು. 1948ರಲ್ಲಿ ಹೆಸರು ಬದಲಾದರೂ ಎರಡು ‘ಎಂ’ ಹಾಗೇ ಉಳಿದದ್ದು. ಮುಂಬಯಿಯ ಮಜಗಾಂವ್‌ನಲ್ಲಿ ವಿಲ್ಲೀಸ್ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದ್ದು. ಆಮೇಲೆ ಬಂದ ಫ್ರಾನ್ಸಿನ ಪೂಜೋ ಡೀಸೆಲ್ ಎಂಜಿನ್ನಿಗೆ 4.90 ಎಂಬ ಹೆಸರೇಕೆ ಅಂದರೆ ನಾಲ್ಕು ಸಿಲಿಂಡರು, ಒಂದೊಂದೂ 90 ಮಿಲಿಮೀಟರು ಅಗಲ, ಅನ್ನುವಲ್ಲಿಗೆ ಅವನ ಮುಖ ಬಾಡಿತ್ತು. ಎಡಬಾಗಿಲನ್ನು ಒಳಗಿನಿಂದ ತೆಗೆಯಲಾಗದು ಎಂದು ಆಗಲೇ ಹೇಳಿದ್ದೇನೆ. ಹುಡುಗ ಕೂತಿದ್ದು ಅಲ್ಲೇ.

ಎರಡನೆಯವರು ಗುಜರಿಯವರು. ಬೆರಳಲ್ಲಿ ತಗಡು ಬಡಿದು ನೋಡುತ್ತಾ ಬಂದು ಒಂದು ನೆಗ್ಗಿನ ಹತ್ತಿರ ನಿಂತರು. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜರಿದಾಗ ಕೆಳಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಇದೇ ತೊಟ್ಟಿಯಲ್ಲಿಟ್ಟು ತಂದದ್ದು, ಅವರನ್ನು ಇಳಿಸಿದ ಮೇಲೆ ಮರದ ಕೊಂಬೆ ಬಿದ್ದದ್ದು, ಆಸ್ಪತ್ರೆಯಲ್ಲಿ ಅಜ್ಜಿ ತನ್ನ ಎಲೆಯಡಿಕೆ ಚೀಲ ಎಲ್ಲಿ ಅಂತ ಕೇಳಿದ್ದು, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಸಮಾಧಾನ ಹೇಳುವವರಂತೆ, “ಇರ್ಲಿ ಬಿಡಿ ಸಾವ್ಕಾರ್ರೇ, ನೆಗ್ಗಿದ್ರೆ ತೂಕ ಕಮ್ಮಿ ಆಗಲ್ಲ” ಅಂದರು. ಒಳ್ಳೆಯ ಮನುಷ್ಯರು. ಯೋಚಿಸಿ ಹೇಳುತ್ತೇನೆಂದು ಕಳಿಸಿಬಿಟ್ಟೆ.

ಮೂರನೆಯವರು ಪಕ್ಕದೂರಿನ ಶುಂಠಿ ಬೆಳೆಗಾರರು. ಗದ್ದೆಯಿಂದ ಕಣಕ್ಕೆ ಚೀಲ ಹೊರಬೇಕು, ಟಾರು ರಸ್ತೆ ಮುಟ್ಟುವುದೇ ಇಲ್ಲ. “ಫೋರ್‌ವೀಲ್ ಬಿಡಲ್ಲ ಅಂದ್ರೆ ನಂಗೆ ಒಳ್ಳೇದೇ ಆಯ್ತು!” ಅಂದರು. ಕಾಫಿ ಕುಡಿಯುವಷ್ಟರಲ್ಲಿ ರೇಟು ಕುದುರಿತು. ಆರ್‌ಸಿ ಬಿಚ್ಚಿದೆವು. ಅದರಲ್ಲಿ ಅಪ್ಪನ ಹೆಸರಿದೆ. ಮಾರುವವನು ರುಜು ಹಾಕಬೇಕಾದದ್ದು ಫಾರಂ 29ಕ್ಕೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಮೊದಲು ಫಾರಂ 31 ತುಂಬಿ, ಮರಣಪತ್ರ ಲಗತ್ತಿಸಿ, ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೇ ಮಾರಬೇಕಂತೆ. ಅರ್ಧ ಆಯುಷ್ಯ ಓಡಿಸಿದ ಗಾಡಿ ಕಾಗದದ ಮೇಲೆ ನನ್ನದಾಗುವುದು ಈಗ, ಅದೂ ಮಾರುವುದಕ್ಕೆ.

ಸೋಮವಾರ ಅರ್ಜಿ ಕೊಟ್ಟು ಬಂದೆ. ಶುಂಠಿಯವರು ಮುಂಗಡ ಇನ್ನೂ ಕೊಟ್ಟಿಲ್ಲ, ಹಾಗಾಗಿ ಬೇಕಾದವರು ಬಂದು ನೋಡಬಹುದು. ಬ್ಯಾಟರಿ ನೀವೇ ತನ್ನಿ. ಎಡಗಡೆ ಮಾತ್ರ ಕೂರಬೇಡಿ.