ಸೊರಬದ ಕಾನುಗಳು ಮರಳಿ ಬರಬಹುದೇ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಸುಮಾರು 50 ಕಿ.ಮೀ. ದಾರಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ಸೀಮೆಯಿದು. ಒಂದು ಕಡೆ ಮೆಕ್ಕೆಜೋಳ, ಇನ್ನೊಂದು ಕಡೆ ಭತ್ತ ಮತ್ತು ಅಡಿಕೆ. ಮುಂದೆ ಶಿರಾಳಕೊಪ್ಪ. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಇಲ್ಲಿಳಿದು ಬಳ್ಳಿಗಾವಿಯ ಗುಡಿಗಳನ್ನೂ ತಾಳಗುಂದದ ಕದಂಬರ ಶಾಸನವನ್ನೂ ನೋಡಲು ಹೋಗುತ್ತಾರೆ. ಇಳಿಯದೆ ಸೊರಬದ ಕಡೆಗೆ ಹೊರಟವರಿಗೆ ಇನ್ನೊಂದು ಇತಿಹಾಸ ಕಾಣಸಿಗುತ್ತದೆ. ಅದನ್ನು ಮರಗಳಲ್ಲಿ ಓದಬೇಕು.

ಈ ಸೀಮೆಯಲ್ಲಿ ಎರಡು ಬಗೆಯ ಹಸಿರಿದೆ. ಒಂದು, ಸಾಲು ಹಿಡಿದು ನಿಂತ ಅಕೇಶಿಯಾ ಮತ್ತು ನೀಲಗಿರಿ ತೋಪು. ಎಲ್ಲ ಮರಕ್ಕೂ ಒಂದೇ ವಯಸ್ಸು, ಒಂದೇ ಎತ್ತರ. ಒಳಗೆ ಹೋದರೆ ಕಾಲಿಗೆ ಒಣಗಿದ ಎಲೆ ಸಿಗುತ್ತದೆ, ಕಿವಿಗೆ ಹಕ್ಕಿಯ ದನಿ ಅಪರೂಪ. ಇನ್ನೊಂದು, ಗದ್ದೆ ಬಯಲುಗಳ ನಡುವೆ ಅಲ್ಲಲ್ಲಿ ಉಳಿದಿರುವ ದಟ್ಟ ಕಾಡಿನ ತುಂಡು. ಜನ ಅದನ್ನು ಕಾನು ಎನ್ನುತ್ತಾರೆ. ಬೇಸಿಗೆಯಲ್ಲೂ ಎಲೆ ಉದುರದ ಮರಗಳು, ಹಗಲಿನಲ್ಲೂ ನಸುಗತ್ತಲು, ಕಾಲಡಿಯಲ್ಲಿ ತಂಪಾದ ಕಪ್ಪು ಮಣ್ಣು.

ಕಾನು ಎಂದರೆ ಊರಿನ ಉಗ್ರಾಣವಿದ್ದಂತೆ. ಕಾಳುಮೆಣಸು, ಜೇನು, ದಾಲ್ಚಿನ್ನಿ, ಬೈನೆ, ಉಪ್ಪಾಗೆ, ಮುರುಗಲು, ಹೆಬ್ಬಲಸು ಎಲ್ಲವೂ ಅಲ್ಲಿ. ಊರವರು ಫಲ ಕೊಯ್ಯುತ್ತಿದ್ದರು, ಆದರೆ ಪೂಜ್ಯಭಾವದಿಂದ ಮರಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿ 1868ರಲ್ಲಿ ಸೊರಬದ ಕಾನುಗಳ ಮೇಲೆ ಒಂದು ವರದಿ ಬರೆದರು. ಅದರ ಪ್ರಕಾರ ಆಗ ಈ ಒಂದೇ ತಾಲೂಕಿನಲ್ಲಿ 171 ಕಾನುಗಳಿದ್ದವು. ಒಟ್ಟು ವಿಸ್ತೀರ್ಣ 32,594 ಎಕರೆ. ಮುಂದೆ ಕಾನಿನ ಮೇಲೆ ಊರವರಿಗಿದ್ದ ಹಿಡಿತ ಸಡಿಲವಾಯಿತು. ಮರ ಕಡಿತ ಮತ್ತು ಒತ್ತುವರಿ ಒಂದು ಪಾಲನ್ನು ನುಂಗಿದರೆ, ನೆಡುತೋಪುಗಳು ಇನ್ನೊಂದು ಪಾಲನ್ನು ನುಂಗಿದವು.

ತೋಪುಗಳು ಹೇಗೆ ಬಂದವು? ಟಿಪ್ಪು ಸುಲ್ತಾನರ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ನೀಲಗಿರಿ ಬಂದಿತೆಂದು ಹೇಳುತ್ತಾರೆ. ಆದರೆ ತೋಟಕ್ಕೆ ತಂದ ನಾಲ್ಕು ಗಿಡಗಳಿಗೂ ಸಾವಿರಾರು ಎಕರೆಯ ತೋಪಿಗೂ ಬಹಳ ಅಂತರವಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಮರ ಒದಗಿಸಲು ಸರಕಾರ 1980ರಲ್ಲಿ ಮಲೆನಾಡಿನ ಸುಮಾರು 20,000 ಹೆಕ್ಟೇರ್ ಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟಿತು. ಅರಣ್ಯ ಇಲಾಖೆಯೂ ಬೋಳು ಗುಡ್ಡಗಳಲ್ಲಿ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನೆಟ್ಟಿತು. 2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. 2020ರಲ್ಲಿ ಗುತ್ತಿಗೆಯೂ ಮುಗಿಯಿತು. ಸರಕಾರ ಅದನ್ನು ಮತ್ತೆ 40 ವರ್ಷ ವಿಸ್ತರಿಸಲು ಹೊರಟಾಗ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಜನರು ಬೀದಿಗಿಳಿದರು. ಕಾಗದ ಮಾಡುವ ಯಂತ್ರವೇ ನಿಂತ ಮೇಲೆ ಕಾಗದದ ಮರ ಯಾರಿಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಅಕೇಶಿಯಾದಿಂದ ಉಪಯೋಗವೇ ಇಲ್ಲ ಎನ್ನಲಾಗದು. ಬಡವರ ಒಲೆಗೆ ಅದು ಸೌದೆಯಾಗಿದೆ, ಮನೆಗೆ ಬಾಗಿಲಾಗಿದೆ. ಆದರೆ ಅದರ ದಪ್ಪ ಎಲೆ ಬೇಗ ಕೊಳೆಯದು. ನೆಲದ ಮೇಲೆ ಚಾಪೆಯಂತೆ ಬಿದ್ದು, ಬೇಸಿಗೆಯಲ್ಲಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹಣ್ಣು ತಿನ್ನುವ ಹಕ್ಕಿಗೆ, ಮಂಗಕ್ಕೆ ಅಲ್ಲಿ ಊಟವಿಲ್ಲ. ಹೀಗಿರುವಾಗ ಅವು ತೋಟಕ್ಕೆ, ಊರಿಗೆ ಬರದೆ ಇನ್ನೇನು ಮಾಡಿಯಾವು?

ಮಂಗ ಎಂದಾಗ ಸೊರಬಕ್ಕೆ ಇನ್ನೊಂದು ನೆನಪು ಬರುತ್ತದೆ. ಜಗತ್ತು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ತಾಲೂಕಿನ ಕ್ಯಾಸನೂರಿನಲ್ಲಿ. ಉಣುಗಿನಿಂದ ಹರಡುವ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಅಂದರೆ ಸೌದೆಗೂ ತರಗೆಲೆಗೂ ಜನ ಕಾಡಿಗೆ ಹೋಗುವ ದಿನಗಳಲ್ಲೇ. ಕಾಡು ಒಡೆದು ಚೂರಾದ ಕಡೆ, ಜನ, ದನ, ಮಂಗಗಳ ಹಾದಿ ಒಂದಾದ ಕಡೆ ಅಪಾಯ ಹೆಚ್ಚು ಎನ್ನುತ್ತಾರೆ ಸಂಶೋಧಕರು. ಆದ್ದರಿಂದ ಕಾಡಿನ ಮಾತು ಕೇವಲ ಪರಿಸರವಾದಿಗಳದ್ದಲ್ಲ. ತಲೆಯ ಮೇಲೆ ಸೌದೆ ಹೊರೆ ಹೊತ್ತು ಬರುವ ತಾಯಂದಿರದ್ದೂ ಹೌದು.

ಹಾಗಾದರೆ ತೋಪು ಮತ್ತೆ ಕಾಡಾದೀತೇ? ಆಗುತ್ತದೆ, ಆದರೆ ಒಂದೇ ದಿನದಲ್ಲಿ ಅಲ್ಲ. ಇಡೀ ತೋಪನ್ನು ಒಮ್ಮೆಲೇ ಬೋಳಿಸಿದರೆ ಮಣ್ಣಿನಲ್ಲಿ ಮಲಗಿರುವ ಅಕೇಶಿಯಾ ಬೀಜಗಳು ಬಿಸಿಲು ಕಂಡು ಮತ್ತೆ ಏಳುತ್ತವೆ. ಹಂತ ಹಂತವಾಗಿ ಕಡಿಯಬೇಕು, ಮೊಳೆತ ಸಸಿಗಳನ್ನು ಕೆಲವು ವರ್ಷ ಕಿತ್ತು ಹಾಕಬೇಕು. ಉಳಿದ ಮರಗಳ ನೆರಳಿನಲ್ಲಿ ಕಾನಿನ ಗಿಡಗಳನ್ನು ನೆಡಬೇಕು. ನೇರಳೆ, ಉಪ್ಪಾಗೆಯಂಥ ಬೀಜಗಳು ಒಣಗಿದರೆ ಮೊಳೆಯುವುದು ಕಷ್ಟ. ಹಣ್ಣಿನ ಕಾಲದಲ್ಲೇ ಆರಿಸಿ, ಹಸಿಯಾಗಿಯೇ ಬಿತ್ತಬೇಕು. ಬೆಂಕಿ ಬೀಳದಂತೆ, ದನ ನುಗ್ಗದಂತೆ ಕಾಯಬೇಕು. ಹತ್ತಿರದಲ್ಲಿ ಕಾನು ಉಳಿದಿದ್ದರೆ ಅರ್ಧ ಕೆಲಸವನ್ನು ಪಿಕಳಾರ, ಮಂಗಟ್ಟೆ, ಬಾವಲಿ, ಪುನುಗು ಬೆಕ್ಕುಗಳು ಕೂಲಿಯಿಲ್ಲದೆ ಮಾಡಿಕೊಡುತ್ತವೆ. ಹೀಗಾಗಿ ಅಳಿದುಳಿದ ಒಂದೊಂದು ಕಾನೂ ಬೀಜದ ಕಣಜ.

ಇದು ಕನಸಿನ ಮಾತಲ್ಲ. ತಮಿಳುನಾಡಿನ ವಾಲ್ಪಾರೈನಲ್ಲಿ ಚಹಾ ತೋಟಗಳ ನಡುವಿನ ಹಾಳು ಬಿದ್ದ ಕಾಡು ತುಂಡುಗಳನ್ನು ದಿವ್ಯಾ ಮುದ್ದಪ್ಪ, ಟಿ.ಆರ್. ಶಂಕರ್ ರಾಮನ್ ಮತ್ತು ಸಂಗಡಿಗರು 2000ದ ಈಚೆಗೆ ಮಳೆಕಾಡಾಗಿ ಮರಳಿಸುತ್ತಿದ್ದಾರೆ. ಅಲ್ಲಿನ ನರ್ಸರಿಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಸ್ಥಳೀಯ ಮರಗಳ ಸಸಿಗಳನ್ನು ಬೆಳೆಸಿದ್ದಾರೆ. ಕಳೆ ತೆಗೆದು ಗಿಡ ನೆಟ್ಟ ಜಾಗ 7ರಿಂದ 15 ವರ್ಷಗಳಲ್ಲಿ, ಸುಮ್ಮನೆ ಬಿಟ್ಟ ಜಾಗಕ್ಕಿಂತ ಹೆಚ್ಚು ಚೇತರಿಸಿಕೊಂಡಿದೆ ಎಂದು 2019ರ ಅವರ ಅಧ್ಯಯನ ತೋರಿಸಿತು. ಅಕೇಶಿಯಾ, ನೀಲಗಿರಿ ತೋಪುಗಳನ್ನು ಸಹಜ ಕಾಡಾಗಿಸಲು ಕೇರಳ 2021ರಲ್ಲಿ ಒಂದು ನೀತಿಯನ್ನೇ ತಂದಿತು. ಕರ್ನಾಟಕವೂ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ನೆಡದಿರುವುದು ಮೊದಲ ಹೆಜ್ಜೆ. ನೆಟ್ಟದ್ದನ್ನು ಕಾಡಾಗಿಸುವುದು ಎರಡನೆಯದು.

ಸೊರಬದ ಕಾನುಗಳ ಕಥೆ ಓದುವಾಗ ಮದೀನಾ ನೆನಪಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಸುತ್ತಲಿನ ಪ್ರದೇಶವನ್ನು ಪವಿತ್ರವೆಂದು ಘೋಷಿಸಿ ಅಲ್ಲಿನ ಮರ ಕಡಿಯಬಾರದೆಂದು ವಿಧಿಸಿದ್ದರು. 'ಹಿಮಾ' ಎಂಬ ಕಾಯ್ದಿಟ್ಟ ಹುಲ್ಲುಗಾವಲಿನ ಪದ್ಧತಿಯೂ ಅರಬರಲ್ಲಿತ್ತು. ನಂಬಿಕೆ ಬೇರೆಯಾದರೂ ಊರಿನ ಪಾಲನ್ನು ಮುಂದಿನವರಿಗೆ ಉಳಿಸುವ ವಿವೇಕ ಒಂದೇ. ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾರು ತಿಂದರೂ ಅದು ನೆಟ್ಟವರ ಪಾಲಿಗೆ ಸದಕಾ ಎಂಬ ಪ್ರವಾದಿ ಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಅಕೇಶಿಯಾ ಸಾಲಿನಲ್ಲಿ ನಿಂತು ಆ ಮಾತನ್ನು ನೆನೆದರೆ ಅದರ ಅರ್ಥ ಇನ್ನಷ್ಟು ತಿಳಿಯುತ್ತದೆ. ಹಕ್ಕಿಗೆ ಒಂದು ಹಣ್ಣನ್ನೂ ಕೊಡದ ಮರ ಯಾರ ಹಸಿವನ್ನು ನೀಗಿಸೀತು?

ಭೂಮಿ ನಮಗೆ ಒಪ್ಪಿಸಿದ ಅಮಾನತ್ತು. ಸರಕಾರದ ಗುತ್ತಿಗೆಯನ್ನು ನಾವು ನಿರ್ಧರಿಸಲಾರೆವು. ಆದರೆ ಗ್ರಾಮಸಭೆಯಲ್ಲಿ ಅಕೇಶಿಯಾದ ಬದಲು ಕಾನಿನ ಗಿಡ ಕೇಳಬಲ್ಲೆವು. ಈ ಮಳೆಗಾಲದಲ್ಲಿ ತಿಂದ ನೇರಳೆಯ ಬೀಜವನ್ನು ಎಸೆಯದೆ, ಹಿತ್ತಿಲ ಮೂಲೆಯಲ್ಲಿ ಮಣ್ಣು ತುಂಬಿದ ಹಾಲಿನ ಪ್ಯಾಕೆಟ್‌ನಲ್ಲಿ ಬಿತ್ತಬಲ್ಲೆವು.