ಮೋಟಾರಿನ ಉಸಿರು

ಮನುಷ್ಯನಿಗೆ ಅನ್ನಕ್ಕಿಂತ ಮೊದಲು ಉಸಿರು ಬೇಕು; ಮೋಟಾರಿಗೂ ಹಾಗೆಯೇ. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರು ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಪೆಟ್ರೋಲಿನ ಒಂದು ಪಾಲಿಗೆ ಗಾಳಿಯ 14.7 ಪಾಲು. ಏಳನೆಯ ಇಯತ್ತೆಯ ಮಕ್ಕಳಿಂದ ನಾವು ಈ ಗಣಿತವನ್ನು ಮಾಡಿಸಿದ್ದುಂಟು. ಆದರೆ ನಮ್ಮ ಜತ್ತ ಸೀಮೆಯ ಗಾಳಿ ಬರಿಯ ಗಾಳಿಯಲ್ಲ. ಬೇಸಿಗೆಯಲ್ಲಿ ಕಚ್ಚಾ ದಾರಿಯ ಮೇಲೆ ಒಂದು ಮೋಟಾರು ಹೋಯಿತೆಂದರೆ, ಹಿಂದೆ ಬರುವ ಬಂಡಿಯವನಿಗೆ ತನ್ನ ಎತ್ತಿನ ಕೋಡು ಕಾಣದು.

ಮೋಟಾರು ಕಟ್ಟಿದವರು ಇದನ್ನು ಬಲ್ಲರು. ಕಾರ್ಖಾನೆಯಿಂದ ಬಂದ ಗಾಳಿಪೆಟ್ಟಿಗೆ ಕರಿಯ ಪ್ಲಾಸ್ಟಿಕ್ಕಿನದು, ನೋಡಲು ಅಂದಗೇಡಿ. ಆದರೂ ಭದ್ರವಾಗಿ ಮುಚ್ಚಿ, ರಬ್ಬರಿನ ಬುಷ್ಷುಗಳ ಮೇಲೆ ಕುಳಿತಿರುತ್ತದೆ. ಅದರಿಂದ ಇಂಜಿನ್ನಿಗೆ ಹೋಗುವ ಕೊಳವೆಗೆ ಬಾಜಾಪೆಟ್ಟಿಗೆಯ ತಿದಿಯಂತೆ ಮಡಿಕೆಗಳಿರುತ್ತವೆ. ಇಂಜಿನ್ನು ಸದಾ ಓಲಾಡುತ್ತದೆ, ಗಾಡಿಯ ಮೈ ಅದರೊಡನೆ ಓಲಾಡದು. ನಡುವಿನ ಕೊಳವೆ ಬಾಗಲೇಬೇಕು.

ನಮ್ಮ ಸೋದರಳಿಯನು ಬಾಡಿಗೆಯ ಕಾರು ಓಡಿಸುತ್ತಾನೆ. ಮಿರಜದ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆದೊಯ್ಯುವುದೇ ಅವನ ಮುಖ್ಯ ಸಂಪಾದನೆ. 2022ರಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಆ ಪೆಟ್ಟಿಗೆಯನ್ನು ತೆಗೆಯಿಸಿ, ಹೊಳೆಯುವ ಅಲ್ಯುಮಿನಿಯಮ್ ಕೊಳವೆಯನ್ನೂ ಅದರ ತುದಿಗೆ ಶಂಕುವಿನಾಕಾರದ ತೆರೆದ ಫಿಲ್ಟರನ್ನೂ ಹಾಕಿಸಿಕೊಂಡು ಬಂದನು. “ಮಾಮಾ, ಗಾಡಿ ಹುಲಿ ಹಂಗ ಗುರ್ ಅಂತೈತಿ, ಕೇಳ್ರಿ” ಎಂದು ಹಿಗ್ಗಿದನು. ಗುರುಗುಟ್ಟಿದ್ದು ನಿಜ; ಶಕ್ತಿ ಹೆಚ್ಚಿತೆಂಬುದನ್ನು ನಾವು ನಂಬೆವು. ರೇಡಿಯೇಟರಿನ ಹಿಂದಣ ಬಿಸಿಗಾಳಿ ತೆಳುವಾದುದು. ಅದನ್ನು ಸೇದುವ ಇಂಜಿನ್ನಿಗೆ ಆಮ್ಲಜನಕ ಕಡಿಮೆಯೇ ದೊರೆಯುತ್ತದೆ.

ಫಿಲ್ಟರಿನ ಹತ್ತಿಬಟ್ಟೆಯೇನೋ ಕೆಟ್ಟದ್ದಾಗಿರಲಿಲ್ಲ. ತೊಳೆದು ಹದವಾಗಿ ಎಣ್ಣೆ ಸವರುತ್ತಿದ್ದರೆ ವರ್ಷಗಟ್ಟಲೆ ಬಾಳುವಂಥದು. (ಎಣ್ಣೆ ಹೆಚ್ಚಾದರೆ, ಕೆಲವು ಗಾಡಿಗಳಲ್ಲಿ ಗಾಳಿಯನ್ನಳೆಯುವ ಸೂಕ್ಷ್ಮ ತಂತಿಗೆ ಮೆತ್ತಿಕೊಂಡು ಬೇರೊಂದು ಕಾಟ.) ಸೋತದ್ದು ಅದನ್ನು ಹಿಡಿದಿದ್ದ ಚಿಲ್ಲರೆ ಸಾಮಾನು. ತೆಳುತಗಡಿನ ಬ್ರಾಕೆಟ್ಟನ್ನು ಬುಷ್ಷಿಲ್ಲದೆ ಗಾಡಿಯ ಮೈಗೆ ನೇರವಾಗಿ ಬೋಲ್ಟು ಮಾಡಿದ್ದರು. ಕೊಳವೆ ಇಂಜಿನ್ನಿನೊಡನೆ ಅಲುಗುತ್ತಿತ್ತು, ಬ್ರಾಕೆಟ್ಟಿಗೆ ಅಲುಗಲು ಎಡೆಯಿರಲಿಲ್ಲ. ಆರು ತಿಂಗಳಲ್ಲಿ ಮಡಿಚಿದ ಮೂಲೆ ಬಿರುಕುಬಿಟ್ಟಿತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವ ವಿದ್ಯೆ ಎಲ್ಲ ಹುಡುಗರಿಗೂ ಗೊತ್ತು. ಭಾರವೆಲ್ಲ ರಬ್ಬರಿನ ಜೋಡಣೆಯ ಮೇಲೆ ಬಿತ್ತು. ಇಂಜಿನ್ನಿನ ಕಾವಿಗೆ ಆ ರಬ್ಬರು ಗಡುಸಾಗಿ ಸೀಳಿತು. ಬಿಗಿದಿದ್ದ ತಿರುಪಿನ ಕ್ಲಿಪ್ಪಿಗೆ ತುಕ್ಕು ಹಿಡಿದಿತ್ತು. ಈ ಬಗೆಯ ಕ್ಲಿಪ್ಪಿಗೆ 1921ರಲ್ಲಿ ಪೇಟೆಂಟು ಪಡೆದವನು ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್. ಒಳ್ಳೆಯ ಉಕ್ಕಿನದಾದರೆ ಬಹುಕಾಲ ಬಾಳುವ ಸಾಧನವದು.

ಸೀಳು ಬಿದ್ದದ್ದು ಫಿಲ್ಟರಿಗೂ ಇಂಜಿನ್ನಿಗೂ ನಡುವೆ. ಆದುದರಿಂದ ಧೂಳು ಫಿಲ್ಟರನ್ನು ಹಾಯದೆ ನೇರವಾಗಿ ಒಳನುಗ್ಗಿತು. ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ನಿನ ರಿಂಗುಗಳು ಸವೆದು, ಆಯಿಲು ಉರಿದು, ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಹೆರಿಗೆಗೆಂದು ಗಾಡಿ ಕೇಳಲು ಬಂದವರು ಆ ಹೊಗೆಯನ್ನು ಕಂಡು ಬೇರೆ ಗಾಡಿ ಹುಡುಕಿದರು.

ಇಂಥ ಸಾಮಾನು ಕೊಳ್ಳಲೇಬೇಕೆನ್ನುವ ವಾಚಕರು ಕೊಳವೆಯ ಹೊಳಪನ್ನು ಬಿಟ್ಟು ಬ್ರಾಕೆಟ್ಟಿನ ದಪ್ಪವನ್ನು ನೋಡಲಿ. ರಬ್ಬರಿನ ಬುಷ್ಷು, ಸಿಲಿಕೋನಿನ ಜೋಡಣೆ, ಸ್ಟೇನ್‌ಲೆಸ್ ಕ್ಲಿಪ್ಪುಗಳಿವೆಯೇ ಎಂದು ಕೇಳಲಿ. ಕ್ಲಿಪ್ಪನ್ನು ಅತಿಯಾಗಿ ಬಿಗಿದರೂ ಜೋಡಣೆ ಕತ್ತರಿಸಿಹೋಗುತ್ತದೆ.

ಹಳೆಯ ಕರಿಯ ಪೆಟ್ಟಿಗೆಯನ್ನು ನಮ್ಮ ಅಕ್ಕ ಅಟ್ಟದ ಮೇಲೆ ಜೋಪಾನವಾಗಿರಿಸಿದ್ದಳು. ಅದೀಗ ಮರಳಿ ತನ್ನ ಸ್ಥಾನದಲ್ಲಿದೆ. ರಿಂಗುಗಳ ಕೆಲಸ ಮಾತ್ರ ಉಳಿದಿದೆ. ಅದಕ್ಕೆ ಈ ಸಲದ ದಾಳಿಂಬೆಯ ಹಣ ಹೋಗಲಿದೆ. ಆ ಹಣದಲ್ಲಿ ಮೊಮ್ಮಗಳನ್ನು ಸಾಂಗಲಿಯ ಕಾಲೇಜಿಗೆ ಸೇರಿಸಬೇಕೆಂದು ಅಕ್ಕ ಎಣಿಸಿಕೊಂಡಿದ್ದಳು.