ಅರ್ಜಿಯ ಮೇಲೆ ಹೆಸರಿಲ್ಲದಿದ್ದರೆ

ಗೆಳೆಯರೆ, ಇವತ್ತು ಆಕಾಶದ ಮಾತು. ನಮಗೂ ಅದಕ್ಕೂ ಏನು ಸಂಬಂಧ ಅಂತ ಮುಂದಕ್ಕೆ ಸರಿಸಬೇಡಿ, ಕೊನೇತನಕ ಓದಿ.

ವಾಸ್ಪ್-39ಬಿ ಅಂತ ಒಂದು ಗ್ರಹ ಇದೆ. ನಮ್ಮಿಂದ ಸುಮಾರು 700 ಜ್ಯೋತಿರ್ವರ್ಷ ದೂರ. ತೂಕದಲ್ಲಿ ಹೆಚ್ಚುಕಮ್ಮಿ ಶನಿಯಷ್ಟು, ಗಾತ್ರದಲ್ಲಿ ಗುರುವಿಗಿಂತ ದೊಡ್ಡದು, ಉಬ್ಬಿದ ಅನಿಲದ ಉಂಡೆ. ತನ್ನ ನಕ್ಷತ್ರಕ್ಕೆ ಎಷ್ಟು ಹತ್ತಿರ ಅಂದ್ರೆ, ನಾಲ್ಕೇ ದಿನಕ್ಕೆ ಒಂದು ಸುತ್ತು ಮುಗಿಸುತ್ತೆ. ಬಿಸಿ ಸುಮಾರು 900 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಯಾರೂ ಹೋಗಿಲ್ಲ. ಆದರೂ 2022ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಅದರ ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಇದೆ ಅಂತ ತೋರಿಸಿತು. ಸೌರಮಂಡಲದ ಆಚೆಯ ಗ್ರಹದಲ್ಲಿ ಈ ಅನಿಲಕ್ಕೆ ಅಷ್ಟು ಸ್ಪಷ್ಟ ಪುರಾವೆ ಸಿಕ್ಕಿದ್ದು ಅದೇ ಮೊದಲು.

ಹೇಗೆ ಗೊತ್ತಾಯಿತು? ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವಾಗ ಬೆಳಕಿನ ಒಂದು ಎಳೆ ಅದರ ಗಾಳಿಯೊಳಗೆ ತೂರಿ ನಮ್ಮ ಕಡೆ ಬರುತ್ತೆ. ಒಂದೊಂದು ಅನಿಲವೂ ತನ್ನದೇ ಆದ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತೆ, ಅದರಲ್ಲಿ ನಮ್ಮ ಕಣ್ಣಿಗೆ ಕಾಣದ ಅವಗೆಂಪೂ ಸೇರಿದೆ. ಬೆಳಕನ್ನು ಬಿಡಿಸಿ, ಎಲ್ಲೆಲ್ಲಿ ಕಡಿಮೆಯಾಗಿದೆ ಅಂತ ನೋಡಿದರೆ ಅಲ್ಲಿರೋ ಅನಿಲ ಯಾವುದು ಅಂತ ತಿಳಿಯುತ್ತೆ. 2001ರಲ್ಲಿ ಹಬಲ್ ಟೆಲಿಸ್ಕೋಪ್ ಇದೇ ದಾರಿಯಲ್ಲಿ ಇನ್ನೊಂದು ದೈತ್ಯ ಗ್ರಹದ ಗಾಳಿಯಲ್ಲಿ ಸೋಡಿಯಂ ಹಿಡಿದಿತ್ತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಇಂಥ ಟೆಲಿಸ್ಕೋಪ್ ಇರೋದು ಬೆರಳೆಣಿಕೆಯಷ್ಟು, ಕಾಯೋರು ಸಾವಿರಾರು ಜನ. ಯಾವ ದೇಶದವರೂ ಅರ್ಜಿ ಹಾಕಬಹುದು. 2023ರ ಒಂದು ಸುತ್ತಿನಲ್ಲಿ ವೆಬ್‌ಗೆ ಬಂದ ಅರ್ಜಿ 1,931. ಕೇಳಿದ ಸಮಯ, ಇರುವ ಸಮಯದ ಸುಮಾರು ಒಂಬತ್ತು ಪಟ್ಟು. ಯಾರಿಗೆ ಕೊಡಬೇಕು ಅಂತ ಹೇಳೋದು ವಿಜ್ಞಾನಿಗಳ ಸಮಿತಿ.

ಹಬಲ್ ನಡೆಸುವ ಬಾಲ್ಟಿಮೋರಿನ ಸಂಸ್ಥೆ ತನ್ನ ಹಳೆಯ ಲೆಕ್ಕ ತೆಗೆದು ನೋಡಿತು. ಹೆಂಗಸರು ಮುಂದೆ ನಿಂತು ಹಾಕಿದ ಅರ್ಜಿ ಗೆಲ್ಲೋ ಪ್ರಮಾಣ ವರ್ಷದಿಂದ ವರ್ಷಕ್ಕೆ ಗಂಡಸರಿಗಿಂತ ಕಮ್ಮಿನೇ ಇತ್ತು. 2018ರಲ್ಲಿ ಅವರು ಅರ್ಜಿದಾರರ ಹೆಸರನ್ನೇ ಸಮಿತಿಗೆ ಕಾಣದ ಹಾಗೆ ಮಾಡಿದರು. ಹೆಸರಿಲ್ಲ, ಸಂಸ್ಥೆ ಇಲ್ಲ, ಬರೀ ವಿಚಾರ. ಆ ಸುತ್ತಿನಲ್ಲಿ ಹೆಂಗಸರ ಗೆಲುವು ಶೇ. 8.7, ಗಂಡಸರದು ಶೇ. 8. ಅಂತರ ಸಣ್ಣದೇ. ಆದರೆ ತಕ್ಕಡಿ ಮೊದಲ ಸಲ ಈ ಕಡೆ ವಾಲಿತು. ಈಗ ವೆಬ್ ಅರ್ಜಿಗಳನ್ನೂ ಹೀಗೇ ನೋಡ್ತಾರೆ.

ಯೋಚಿಸಿ. 700 ಜ್ಯೋತಿರ್ವರ್ಷ ಆಚೆಯ ಗಾಳಿಯನ್ನು ಅಳೆಯೋ ಮಂದಿ, ನಮ್ಮ ಕಣ್ಣಿಗೂ ಪೊರೆ ಇರಬಹುದು ಅಂತ ಒಪ್ಪಿಕೊಂಡರು. ಯಾರನ್ನೂ ಕೆಟ್ಟವರು ಅನ್ನಲಿಲ್ಲ, ಪದ್ಧತಿಯನ್ನು ಬದಲಿಸಿದರು.

ಅಲ್ಲಿದ್ದದ್ದು ಲಿಂಗದ ಪ್ರಶ್ನೆ. ಇಲ್ಲಿ ಅದರ ಮೇಲೆ ಜಾತಿಯೂ ಕೂತಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಿಸಿಕೊಳ್ಳಿ. ಖಾಸಗಿ ಕೆಲಸಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಅಡ್ಡಹೆಸರಿನಲ್ಲಿ ಕಳಿಸಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರೋ ಸಾಧ್ಯತೆ ಕಮ್ಮಿ, ಮುಸ್ಲಿಂ ಹೆಸರಿಗೆ ಇನ್ನೂ ಕಮ್ಮಿ. ಗುಮಾಸ್ತಿಕೆ ಮಾಡೋ ನನಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ. ಅರ್ಜಿ ಟೇಬಲ್ ಮೇಲೆ ಬಿದ್ದ ಕೂಡಲೇ ಕಣ್ಣು ಹೋಗೋದು ಹೆಸರಿಗೆ, ಅಪ್ಪನ ಹೆಸರಿಗೆ, ಊರಿಗೆ. ವಿಷಯ ಓದೋದು ಆಮೇಲೆ.

"ಹಾಗಾದ್ರೆ ಹೆಸರು ಮುಚ್ಚಿ, ಮೀಸಲಾತಿನೂ ತೆಗೀರಿ" ಅಂತ ಮೆರಿಟ್‌ನವರು ಈಗಲೇ ಕಮೆಂಟ್ ಟೈಪ್ ಮಾಡ್ತಿರ್ತಾರೆ. ಸ್ವಾಮಿ, ಹೆಸರು ಮುಚ್ಚೋದು ಕೊನೇ ಬಾಗಿಲಿನ ಮಾತು. ಆ ಬಾಗಿಲ ತನಕ ನಡೆದು ಬರೋಕೆ ಶಾಲೆ, ಹಾಸ್ಟೆಲ್, ಸ್ಕಾಲರ್‌ಶಿಪ್, ಮೀಸಲಾತಿ ಬೇಕು. ಒಂದು ಇನ್ನೊಂದರ ಬದಲಿ ಅಲ್ಲ, ಎರಡೂ ಬೇಕು.

ಕಾರ್ಲ್ ಸೇಗನ್ ಥರ ವಿಜ್ಞಾನ ಬರೆಯೋ ಲೇಖಕ ಆಗಬೇಕು ಅಂತ ಆಸೆಪಟ್ಟ ಹುಡುಗ ನಮ್ಮಲ್ಲೂ ಇದ್ದ. ರೋಹಿತ್ ವೇಮುಲ. 2016ರ ಜನವರಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅವನನ್ನು ಕಳಕೊಂಡೆವು. ವೆಬ್ ಹಾರಿದ್ದು 2021ರ ಡಿಸೆಂಬರ್ 25ಕ್ಕೆ. ವಾಸ್ಪ್-39ಬಿ ಸುದ್ದಿಯನ್ನು ಅವನು ಬರೆದಿದ್ದರೆ ಓದಬೇಕಿತ್ತು ಅನ್ನಿಸುತ್ತೆ.

ಹಾಗಾಗಿ ಕೇಳೋದು ಇಷ್ಟು. ಸಂಶೋಧನಾ ಪ್ರಸ್ತಾವ, ಫೆಲೋಶಿಪ್, ಬರಹದ ಪರೀಕ್ಷೆ, ಎಲ್ಲೆಲ್ಲಿ ಹೆಸರು ನೋಡದೆ ಮೌಲ್ಯಮಾಪನ ಮಾಡಬಹುದೋ ಅಲ್ಲೆಲ್ಲ ಮಾಡಿ. ಮುಖ ನೋಡಲೇಬೇಕಾದ ಸಂದರ್ಶನದಲ್ಲಿ ಯಾರಿಗೆ ಎಷ್ಟು ಅಂಕ ಕೊಟ್ಟಿರಿ ಅನ್ನೋದನ್ನ ಪ್ರವರ್ಗವಾರು ಪ್ರಕಟಿಸಿ. ಬಾಲ್ಟಿಮೋರಿನವರು ತಮ್ಮ ಲೆಕ್ಕ ತಾವೇ ತೆಗೆದು ನೋಡಿದರು. ನಿಮಗೇನು ಭಯ?

ನಮ್ಮ ಮಕ್ಕಳಿಗೆ ಒಂದು ಮಾತು. ವಾಸ್ಪ್-39ಬಿಯ ಆ ದತ್ತಾಂಶ ಬಿಟ್ಟಿಯಾಗಿ ಎಲ್ಲರಿಗೂ ತೆರೆದಿದೆ. ಡೌನ್‌ಲೋಡ್ ಮಾಡೋಕೆ ಯಾರ ಶಿಫಾರಸೂ ಬೇಡ. ತೆಗೆದು ನೋಡಿ, ಭೌತಶಾಸ್ತ್ರದ ಮೇಷ್ಟ್ರನ್ನು ಹಿಡಿದು ಪ್ರಶ್ನೆ ಕೇಳಿ.

ಜೈ ಭೀಮ್.